ತೆಕ್ಬರ್ ಎಸೆದ ಚಿನ್ನ

ಗಾಡಿಯಿಂದ ತೆಕ್ಬರ್ ಇಳಿಯುವ ಮೊದಲೇ ಅವಳ ಬೈಗುಳ ಇಳಿಯಿತು.

"ಏಯ್! ಯಾರಯ್ಯಾ ಅಲ್ಲಿ? ಇದು ನಮ್ಮ ಜಾಗ. ಮೆಷಿನ್ ಎತ್ಕೊಂಡು ನಡಿ!"

ಕಪ್ಪು ಕಲ್ಲುಗಳ ನಡುವೆ, ನೆಲಕ್ಕೆ ತಾಗುವಂತೆ ಮೆಷಿನ್ ಆಡಿಸುತ್ತ ಚಿನ್ನ ಹುಡುಕುತ್ತಿದ್ದವನು ಹೆಡ್‌ಫೋನ್ ಇಳಿಸಿ ತಿರುಗಿದ. ಮುಖಕ್ಕೆ ಸುತ್ತಿದ ರುಮಾಲಿನ ಸಂದಿಯಲ್ಲಿ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಅಷ್ಟೇ ಸಾಕಾಯಿತು. ಆ ಕಣ್ಣುಗಳ ಜೊತೆ ಅವಳು ಆರು ವರ್ಷ ಸಂಸಾರ ಮಾಡಿದ್ದಳು.

"ಮರುಭೂಮಿಯನ್ನೂ ನಿನ್ನ ಹೆಸರಿಗೆ ಬರೆಸ್ಕೊಂಡ್ಯಾ, ತೆಕ್ಬರ್?" ಎಂದ ಬೂನ.

"ಬರೆಸ್ಕೊಳ್ಳೋಕೆ ಈಗ ಗಂಡನ ಅಪ್ಪಣೆ ಬೇಕಿಲ್ವಲ್ಲ."

ಈ ಮರುಭೂಮಿಯ ಚಾಮಿ ಊರಿನ ಬಳಿ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿದಾಗ ಬೂನ ಒಂದು ಮಾತೂ ಹೇಳದೆ ರಾಜಧಾನಿ ನುವಾಕ್ಷೋಟ್‌ನ ಮನೆ ಬಿಟ್ಟಿದ್ದ. ಅವನು ಎಲ್ಲಿಗೆ ಹೋದನೆಂದು ಅವಳಿಗೆ ತಿಳಿದದ್ದು ಒಂಟೆ ಹಾಲು ಮಾರುವವಳ ಬಾಯಿಂದ. ತೆಕ್ಬರ್ ತಲಾಖ್ ಪಡೆದಳು. ತಲಾಖ್ ಆದವಳಿಗೆ ಹಬ್ಬ ಮಾಡುವ ಅಲ್ಲಿನ ರೂಢಿಯಂತೆ ಗೆಳತಿಯರು ಕೈಗೆ ಮದರಂಗಿ ಹಚ್ಚಿ, ತಮಟೆ ಬಡಿದು ಅವಳನ್ನು ಮೆರೆಸಿದರು. ಆಮೇಲೆ ಅವಳೂ ಚಾಮಿಗೇ ಬಂದಳು. ಪಿಕಪ್ ಗಾಡಿ ಕೊಂಡು, ಮೆಷಿನ್ ಕೊಂಡು, ಆಳುಗಳನ್ನಿಟ್ಟುಕೊಂಡು ದುಡಿದಳು. "ಗಂಡನನ್ನ ಹುಡುಕ್ತಾ ಬಂದಿದ್ದಾಳೆ" ಎಂದ ಹೆಂಗಸಿನ ಜೊತೆ ಮಾತು ಬಿಟ್ಟಳು.

ಇವತ್ತು ಗಾಳಿ ಜೋರೆಂದು ಆಳುಗಳು ಬಂದಿರಲಿಲ್ಲ. ತನ್ನ ಮೆಷಿನ್ ತಾನೇ ಇಳಿಸಿಕೊಂಡು, ಅವನ ಪಕ್ಕದಲ್ಲೇ ಹುಡುಕಲು ನಿಂತಳು. ಎರಡು ಮೆಷಿನ್‌ಗಳೂ ಒಂದಕ್ಕೊಂದು ಹತ್ತಿರವಾದದ್ದಕ್ಕೇ ಒಟ್ಟಿಗೆ ಕಿರುಚಿಕೊಂಡವು.

"ದೂರ ಹೋಗು. ನನ್ನ ಮೆಷಿನ್ ಕಿವಿ ಕೊರೀತಿದೆ."

"ನನ್ನದೂ. ಹತ್ತಿರ ಬಂದವಳು ನೀನು."

"ಚಿನ್ನಕ್ಕೆ ಬಂದಿದ್ದೀನಿ. ನಿನಗಲ್ಲ."

"ನಾನು ಕೇಳ್ಲೇ ಇಲ್ವಲ್ಲ."

ರುಮಾಲಿನ ಹಿಂದೆ ಅವನು ನಕ್ಕದ್ದು ಕಣ್ಣಂಚಿನಲ್ಲಿ ತಿಳಿಯಿತು. ತೆಕ್ಬರಳಿಗೆ ಮೈಯೆಲ್ಲ ಉರಿಯಿತು. ಉರಿದದ್ದು ಬರೀ ಸಿಟ್ಟಿಗಲ್ಲ ಎಂದು ಗೊತ್ತಾಗಿ ಇನ್ನಷ್ಟು ಉರಿಯಿತು.

ಬೂನ ನಿಲುವಂಗಿಯ ಜೇಬಿನಿಂದ ಹೆಬ್ಬೆರಳ ಗಾತ್ರದ ಚಿನ್ನದ ಗಟ್ಟಿಯೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ಅವನ ಬೆರಳು ಅಲ್ಲಿ ಒಂದು ಗಳಿಗೆ ಹೆಚ್ಚೇ ನಿಂತಿತು.

"ಮಾರಲಿಲ್ಲ ಇದನ್ನ. ನಿನಗೆ ಬಳೆ ಮಾಡಿಸ್ಬೇಕು ಅಂತ್ಲೇ ಅವತ್ತು ಹೊರಟಿದ್ದು."

"ಬಳೆ ಕೇಳಿದ್ನಾ ನಾನು?" ಅವಳ ದನಿ ಒಡೆಯಿತು. "ಹೋಗಿ ಬರ್ತೀನಿ ಅನ್ನೋಕೆ ನಾಲಿಗೆ ಬಿದ್ದೋಗಿತ್ತಾ? ನನ್ನ ಗಂಡ ಸತ್ತಿದ್ದಾನೋ ಬದುಕಿದ್ದಾನೋ ಅಂತ ಹಾಲಿನವಳನ್ನ ಕೇಳ್ಬೇಕಾಯ್ತು!"

"ಹೇಳಿದ್ರೆ ನೀನು ಬೇಡ ಅಂತಿದ್ದೆ. ನೀನು ಬೇಡ ಅಂದ್ರೆ ನನ್ನ ಕಾಲು ಏಳ್ತಿರಲಿಲ್ಲ."

"ಏಳ್ಬಾರ್ದಿತ್ತು!"

ಅಂದವಳೇ ಗಟ್ಟಿಯನ್ನು ಬೀಸಿ ಎಸೆದಳು. ಅದು ದೂರದ ಕಲ್ಲುಗಳಾಚೆ, ಏಳುತ್ತಿದ್ದ ಧೂಳಿನೊಳಗೆ ಎಲ್ಲೋ ಬಿತ್ತು. ತೆಕ್ಬರ್ ತನ್ನ ಮೆಷಿನ್ ಎತ್ತಿಕೊಂಡು, ಹಿಂತಿರುಗಿ ನೋಡದೆ ಗಾಡಿಗೆ ನಡೆದಳು.

ಹಿಂದೆಯೇ ಹೆಜ್ಜೆ ಸಪ್ಪಳ ಕೇಳಿಸಿತು.

"ಹುಡುಕಲ್ವಾ?" ತಿರುಗದೆಯೇ ಕೇಳಿದಳು. "ಗಾಳಿ ಎದ್ದಿದೆ. ಆಮೇಲೆ ಸಿಗಲ್ಲ."

"ಹುಡುಕ್ತಾ ನಿಂತ್ರೆ ನೀನು ಹೊರಟೋಗ್ತೀಯ," ಎಂದ ಬೂನ. ಅವಳು ತಿರುಗಿದಳು. ಅವನು ರುಮಾಲು ಸರಿಸಿದ್ದ, ಕೆನ್ನೆ ಬತ್ತಿತ್ತು, ತುಟಿ ಒಡೆದಿತ್ತು. "ಒಂದು ಸಲ ಹಾಗೆ ಮಾಡಿ ಕೆಟ್ಟೆ. ನಿನ್ನನ್ನ ಬಿಟ್ಟು ನನಗೆ ಆಗಲ್ಲ ತೆಕ್ಬರ್."

ಅವಳು ಗಾಡಿಯ ಬಾಗಿಲು ಎಳೆದು ತೆರೆದಳು.

"ಹಿಂದೆ ಹತ್ತು," ಎಂದಳು. "ನೀರಿನ ಕ್ಯಾನುಗಳ ಜೊತೆ ಕೂತ್ಕೋ. ಮುಂದೆ ಕೂರೋ ಯೋಗ್ಯತೆ ನಿನಗಿಲ್ಲ."

ಬೂನ ಮೆಷಿನ್ ಸಮೇತ ಹತ್ತಿದ. ತೆಕ್ಬರ್ ಸಿಟ್ಟನ್ನೆಲ್ಲ ಕಾಲಿಗೆ ಕೊಟ್ಟು ಗಾಡಿ ಓಡಿಸಿದಳು. ಕನ್ನಡಿಯಲ್ಲಿ ನೋಡಬಾರದೆಂದುಕೊಂಡೇ ನೋಡಿದಳು. ಧೂಳಿನಲ್ಲಿ ಕೆಮ್ಮುತ್ತಿದ್ದರೂ ಅವನು ಅವಳನ್ನೇ ನೋಡುತ್ತಿದ್ದ.

ಚಾಮಿಯ ತಗಡಿನ ಮನೆಗಳು ಕಾಣುವ ತಿರುವಿನಲ್ಲಿ ಗಾಡಿ ಗಕ್ಕನೆ ನಿಂತಿತು. ಪಕ್ಕದ ಬಾಗಿಲು ಒಳಗಿನಿಂದ ತೆರೆದುಕೊಂಡಿತು.

"ಬಾ ಒಳಗೆ," ಎಂದಳು ತೆಕ್ಬರ್, ಕಣ್ಣು ರಸ್ತೆಯ ಮೇಲಿಟ್ಟೇ. "ಇನ್ನೂ ಬೈಯೋದಿದೆ. ಅಲ್ಲಿ ಕೂತ್ರೆ ನಿನಗೆ ಕೇಳ್ಸಲ್ಲ."