ಅವನ ದನಿಯನ್ನು ಅಣಕಿಸಿದವಳು

ಸಭಾಂಗಣದಲ್ಲಿ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಜಿಪಾರ್ ಏದುಸಿರು ಬಿಡುತ್ತಾ, ನಗುತ್ತಾ ಪರದೆಯ ಹಿಂದಕ್ಕೆ ಓಡಿ ಬಂದಳು. ತಲೆಯ ಮೇಲೆ ಎರವಲು ತಂದ ಗಂಡಸರ ಉಣ್ಣೆ ಟೋಪಿ, ಮೇಲ್ತುಟಿಯ ಮೇಲೆ ಕಾಡಿಗೆಯಲ್ಲಿ ಬರೆದ ಮೀಸೆ.

"ಗೆದ್ವಿ ಕಣೇ! ಫೈನಲ್‌ಗೆ ಹೋದ್ವಿ!" ಮೀರಿಮ್ ಅವಳನ್ನು ತಬ್ಬಿಕೊಂಡು ಗಿರಗಿರನೆ ತಿರುಗಿಸಿದಳು.

ಆಗಲೇ ಬಾಗಿಲಲ್ಲಿ ಯಾರೋ ನಿಂತಂತಾಯಿತು.

ಎತ್ತರದ ಹುಡುಗ. ತೋಳಿನ ಕಡೆ ಹೊಲಿಗೆ ಹಾಕಿದ ಜಾಕೆಟ್ಟು. ಅವನ ಕಣ್ಣು ನೇರವಾಗಿ ಜಿಪಾರಳ ಮೇಲಿತ್ತು.

"ಚೆನ್ನಾಗಿ ಮಾಡಿದ್ರಿ," ಅವನು ಮೆಲ್ಲಗೆ ಹೇಳಿದ. "ನಾನು ನಿಲ್ಲೋ ರೀತಿ, ಕತ್ತು ಓರೆ ಮಾಡೋ ರೀತಿ... ಎಲ್ಲಾ ಸರಿಯಾಗಿತ್ತು."

ಜಿಪಾರಳ ನಗು ಅಲ್ಲೇ ನಿಂತುಹೋಯಿತು. ಅವನೇ... ಮಿನಿಬಸ್ಸಿನ ಹುಡುಗ!

"ಒಂದು ವಿಷಯ ಮಾತ್ರ ನಿಮಗೆ ಗೊತ್ತಿರಲಿಲ್ಲ ಅನ್ಸುತ್ತೆ," ಎಂದ ಅವನು. "ನಮ್ಮಮ್ಮನಿಗೆ ಕಿವಿ ಕೇಳಲ್ಲ. ಅದಕ್ಕೇ ಕಿರುಚ್ತೀನಿ."

ಅಷ್ಟೇ. ತಿರುಗಿ ಹೊರಟುಹೋದ.

ಜಿಪಾರ್ ಕೈಯೆತ್ತಿ ಮೀಸೆ ಒರೆಸಿಕೊಂಡಳು. ಅದು ಹೋಗಲಿಲ್ಲ. ಕೆನ್ನೆಗೆಲ್ಲ ಮೆತ್ತಿಕೊಂಡಿತು.

ಮೂರು ವಾರದ ಹಿಂದಿನ ಮಾತು. ಓಶ್ ನಗರದ ಬಜಾರಿನಿಂದ ಕಾಲೇಜಿನ ಕಡೆ ಹೋಗುವ ಮಿನಿಬಸ್ಸು ಕಿಕ್ಕಿರಿದಿತ್ತು. ಹಿಂದಿನ ಸೀಟಿನಲ್ಲಿ ಇವನು ಊರಲ್ಲಿದ್ದ ತಾಯಿಯನ್ನು 'ಅಪಾ' ಎಂದು ಕರೆಯುತ್ತಾ ಫೋನಿನಲ್ಲಿ ಮಾತಾಡುತ್ತಿದ್ದ. ಮಾತೇ ಅದು? ಬಸ್ಸಿನ ಗಾಜೆಲ್ಲ ಅದುರುವಂತಿತ್ತು.

"ಅಪಾ! ಊಟ ಆಯ್ತಾ? ಊ... ಟ! ಏನು ತಿಂದೆ? ಆಲೂಗಡ್ಡೆನಾ? ಮತ್ತೆ ಆಲೂಗಡ್ಡೆನಾ? ಮಾಂಸ ಯಾಕೆ ಬೇಯಿಸಲಿಲ್ಲ? ಮಾಂ... ಸ! ನನಗೋಸ್ಕರ ಎತ್ತಿಡಬೇಡಮ್ಮಾ, ನೀನು ತಿನ್ನು!"

ಬಸ್ಸಿನಲ್ಲಿದ್ದವರೆಲ್ಲ ಮುಸಿಮುಸಿ ನಕ್ಕರು. ಜಿಪಾರ್‌ಗೆ ಯಾರನ್ನು ಒಮ್ಮೆ ನೋಡಿದರೂ ಸಾಕು, ಅವರ ದನಿ, ನಡೆ ಎಲ್ಲ ಹಾಗೆಯೇ ಬಂದುಬಿಡುತ್ತಿತ್ತು. ಅಂದು ಹಾಸ್ಟೆಲಿನ ಕೋಣೆಯಲ್ಲಿ ಅವಳು ಅದನ್ನು ಮಾಡಿ ತೋರಿಸಿದಾಗ ಮೀರಿಮ್ ಹೊಟ್ಟೆ ಹಿಡಿದುಕೊಂಡು ಮಂಚದಿಂದ ಕೆಳಗೆ ಉರುಳಿದ್ದಳು.

"ಇದು ಸ್ಪರ್ಧೆಗೆ ಬೇಕೇ ಬೇಕು!" ಎಂದಿದ್ದಳು. ಕಾಲೇಜುಗಳ ನಡುವಿನ ನಗೆ ಸ್ಪರ್ಧೆಗೆ ಹೊರಟಿದ್ದ 'ಬಿಸಿ ಸಮ್ಸಾ' ತಂಡಕ್ಕೆ ಅವಳೇ ನಾಯಕಿ.

ಆ ಹುಡುಗ ತಮ್ಮ ಕಾಲೇಜಿನವನೇ ಇರಬಹುದು, ಅವತ್ತು ಸಭಾಂಗಣದಲ್ಲೇ ಕೂತಿರಬಹುದು... ಇಬ್ಬರಿಗೂ ಹೊಳೆದೇ ಇರಲಿಲ್ಲ.

ಅವನ ಹೆಸರು ಕುಬಾನ್. ಎರಡೇ ದಿನದಲ್ಲಿ ಇಡೀ ಕಾಲೇಜಿಗೆ ಗೊತ್ತಾಯಿತು. ಯಾರೋ ವೀಡಿಯೋ ಮಾಡಿ ಎಲ್ಲರ ಫೋನಿಗೂ ಹಂಚಿದ್ದರು.

ಸೋಮವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ. ಹಿಂದಿನಿಂದ ಯಾರೋ ಕೂಗಿದರು.

"ಅಪಾ! ಆಲೂಗಡ್ಡೆನಾ?"

"ಮತ್ತೆ ಆಲೂಗಡ್ಡೆನಾ?" ಇನ್ನೊಂದು ಮೇಜಿನಿಂದ ಉತ್ತರ ಬಂತು. ಎಲ್ಲರೂ ಗೊಳ್ಳೆಂದರು. ಬಡಿಸುತ್ತಿದ್ದ ಹೆಂಗಸು ಕೂಡ ನಗುತ್ತಾ, "ನಿನಗೆ ಏನಪ್ಪಾ ಹಾಕ್ಲಿ, ಆಲೂಗಡ್ಡೆನಾ?" ಎಂದಳು.

ಕುಬಾನ್ ಖಾಲಿ ತಟ್ಟೆಯನ್ನು ಮೆಲ್ಲಗೆ ಅಲ್ಲೇ ಇಟ್ಟು ಹೊರಗೆ ನಡೆದ.

ಜಿಪಾರ್ ಮೂಲೆಯ ಮೇಜಿನಲ್ಲಿದ್ದಳು. ಅವಳ ಕೈಯಲ್ಲಿದ್ದ ಚಮಚ ಬಾಯಿಗೆ ಹೋಗಲಿಲ್ಲ. ಆ ಕೂಗಿನಲ್ಲಿದ್ದದ್ದು ಅವನ ದನಿಯಲ್ಲ... ಅವಳ ದನಿ! ಎಲ್ಲರೂ ಅವಳು ಮಾಡಿದ ಹಾಗೆಯೇ ಎಳೆದು ಎಳೆದು ಕೂಗುತ್ತಿದ್ದರು.

"ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯಾ?" ಮೀರಿಮ್ ಮೊಣಕೈಯಿಂದ ತಿವಿದಳು. "ಬಿಡೇ, ನಾಲ್ಕು ದಿನ ನಗ್ತಾರೆ, ಆಮೇಲೆ ಮರೀತಾರೆ."

ಮರೆಯುತ್ತಾರಾ? ನಾನು ಮರೀತೀನಾ?

ಮರುದಿನ ಅವಳು ಬಜಾರಿನ ತಂದೂರಿನಿಂದ, ಮಾಂಸ ತುಂಬಿ ಸುಟ್ಟ ಎರಡು ಬಿಸಿ ಸಮ್ಸಾ ಕಟ್ಟಿಸಿಕೊಂಡು ಹುಡುಗರ ಹಾಸ್ಟೆಲಿನ ಅಂಗಳಕ್ಕೆ ಹೋದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಅವನು ಎದುರು ಬಂದ ಕೂಡಲೇ ಎಲ್ಲ ಕಲಸಿಹೋಯಿತು.

"ಇದು... ನಿಮಗೆ... ನೀವು ಊಟ ಮಾಡಿರಲ್ಲ ಅಂತ..."

ಕುಬಾನ್ ಪೊಟ್ಟಣ ನೋಡಿದ. ಅವಳನ್ನು ನೋಡಿದ.

"ಫೈನಲ್‌ಗೆ ಹೊಸ ಮಾತು ಬೇಕಿತ್ತಾ?" ಎಂದ. "ಈಗ ನಾನು ಏನು ಹೇಳಲಿ ಹೇಳಿ. ಬರ್ಕೊಳ್ಳಿ."

"ಅಯ್ಯೋ, ಅದಕ್ಕಲ್ಲ..."

"ಎದುರಿಗೆ ನಿಂತು ಮಾತಾಡೋಕೇ ಹೆದರಿಕೆ ಆಗುತ್ತೆ ನನಗೆ. ಕೈ ಎಲ್ಲಿಟ್ಕೊಂಡೆ, ಕತ್ತು ಹೇಗೆ ಮಾಡಿದೆ ಅಂತೆಲ್ಲ ನೀವು ನೋಡ್ತೀರಿ."

ಅವನು ಕೈಗಳನ್ನು ಜಾಕೆಟ್ಟಿನ ಜೇಬಿಗೆ ತುರುಕಿಕೊಂಡು ಒಳಗೆ ಹೋದ. ಸಮ್ಸಾ ಅವಳ ಅಂಗೈ ಸುಡುತ್ತಿತ್ತು. ಅವಳು ಅದನ್ನು ಬಿಡಲಿಲ್ಲ. ಸುಡಲಿ ಅನ್ನಿಸಿತು.

ಇದಕ್ಕಿಂತ ದೊಡ್ಡ ಏಟು ಆ ಶುಕ್ರವಾರ ಕಾದಿತ್ತು.

ಆಕ್-ಬೂರಾ ನದಿಯ ದಂಡೆಯಲ್ಲಿ ಅವಳು ಒಬ್ಬಳೇ ನಡೆದು ಹೋಗುತ್ತಿದ್ದಳು. ಫೆಬ್ರವರಿಯ ಚಳಿಗೆ ದಂಡೆ ಖಾಲಿಯಾಗಿತ್ತು. ಸೇತುವೆಯ ಕಂಬದ ಮರೆಯಲ್ಲಿ ಕುಬಾನ್ ಫೋನು ಹಿಡಿದು ನಿಂತಿದ್ದ.

ಅವನು ಕಿರುಚುತ್ತಿರಲಿಲ್ಲ.

"ಅಪಾ... ಕೇಳಿಸ್ತಾ?" ಅವನು ಸುತ್ತ ನೋಡಿ, ಬಾಯಿಗೆ ಅಂಗೈ ಅಡ್ಡ ಹಿಡಿದು ಹೇಳಿದ. "ನಾನು ಚೆನ್ನಾಗಿದೀನಿ ಅಂದೆ... ಚೆನ್ನಾಗಿದೀನಿ... ಕೇಳಿಸ್ತಾ ಇಲ್ವಾ? ಇರಲಿ ಬಿಡು. ಆಮೇಲೆ ಮಾಡ್ತೀನಿ."

ಫೋನು ಜೇಬಿಗಿಟ್ಟು ಸುಮ್ಮನೆ ನೀರು ನೋಡುತ್ತಾ ನಿಂತ.

ಜಿಪಾರ್ ಕಂಬದ ಈಚೆಗೇ ನಿಂತುಬಿಟ್ಟಳು. ಕಿವಿ ಕೇಳದ ತಾಯಿಯ ಜೊತೆ ಮಗ ಪಿಸುಗುಟ್ಟುತ್ತಿದ್ದಾನೆ... ನನ್ನಿಂದ! ನಾನೇನು ಮಾಡಿಬಿಟ್ಟೆ!

ಅವಳ ಸ್ವಂತ ತಾಯಿ ಆರು ವರ್ಷದಿಂದ ರಷ್ಯಾದಲ್ಲಿ ಮನೆಗೆಲಸಕ್ಕಿದ್ದಳು. ಭಾನುವಾರಕ್ಕೊಮ್ಮೆ ಎರಡು ನಿಮಿಷದ ಫೋನು. 'ಚೆನ್ನಾಗಿದೀಯಾ?' 'ಹೂಂ.' ಅಷ್ಟೇ. ಏನು ತಿಂದೆ ಎಂದು ತಾಯಿಯನ್ನು ಒಮ್ಮೆಯೂ ಕೇಳಿದವಳಲ್ಲ ಅವಳು. ಅಂದು ಮಿನಿಬಸ್ಸಿನಲ್ಲಿ ಆ ಕೂಗು ಕೇಳುತ್ತಾ ಕೂತಿದ್ದವಳಿಗೆ ಇಳಿಯುವ ಜಾಗ ದಾಟಿ ಹೋದದ್ದೇ ತಿಳಿದಿರಲಿಲ್ಲ. ಅದು ತಮಾಷೆಗಾಗಿತ್ತಾ? ಅಲ್ಲ. ತಾಯಿ ಮಗ ಹಾಗೆ ಮಾತಾಡುತ್ತಾರಲ್ಲ ಎಂಬ ಹೊಟ್ಟೆಕಿಚ್ಚಿಗೆ. ಈಗ ಅದು ಅವಳಿಗೇ ಗೊತ್ತಾಗಿ, ನಾಚಿಕೆ ಇಮ್ಮಡಿಯಾಯಿತು.

"ಫೈನಲ್‌ನಲ್ಲಿ ನಾನು ಅದನ್ನ ಮಾಡಲ್ಲ," ಸಂಜೆ ಅವಳು ಮೀರಿಮ್‌ಗೆ ಹೇಳಿದಳು.

"ತಲೆ ಕೆಟ್ಟಿದೆಯಾ? ಅದೊಂದರಿಂದಲೇ ನಾವು ಗೆದ್ದಿದ್ದು!"

"ಗೊತ್ತು."

"ನಿನ್ನೊಬ್ಬಳ ತಂಡ ಅಲ್ಲ ಜಿಪಾರ್ ಇದು. ಆರು ಜನ ರಜೆ ಬಿಟ್ಟು, ನಿದ್ದೆ ಬಿಟ್ಟು ಕಷ್ಟಪಟ್ಟಿದ್ದೀವಿ. ಯಾರೋ ಒಬ್ಬ ಮುಖ ಊದಿಸ್ಕೊಂಡ ಅಂತ..."

"ಅವನು ಅಮ್ಮನ ಜೊತೆ ಮಾತಾಡೋದನ್ನೇ ಬಿಟ್ಟಿದ್ದಾನೆ ಮೀರಿಮ್!"

ಮೀರಿಮ್ ಗೋಡೆ ಕಡೆ ತಿರುಗಿ ಮಲಗಿದಳು. "ಹಾಗಾದ್ರೆ ತಂಡದಲ್ಲಿ ಇರಬೇಡ."

ಅಂದಿನಿಂದ ಆ ಕೋಣೆಯಲ್ಲಿ ಇಬ್ಬರೂ ಬೇರೆ ಬೇರೆ ಕೆಟಲಿನಲ್ಲಿ ಚಹಾ ಕಾಯಿಸಿಕೊಂಡರು. ಕ್ಯಾಂಟೀನಿನಲ್ಲಿ ಜಿಪಾರ್ ಒಬ್ಬಳೇ ಕೂತು ಉಂಡಳು. ಯಾರಾದರೂ "ಆಲೂಗಡ್ಡೆನಾ?" ಎಂದು ಕೂಗಿದರೆ ಅವಳು ಎದ್ದು, "ಅದನ್ನ ಮಾಡಿದ್ದು ನಾನು. ತಪ್ಪು ನಂದು. ಕೂಗೋದಿದ್ರೆ ನನ್ನ ನೋಡಿ ಕೂಗಿ," ಎನ್ನುತ್ತಿದ್ದಳು. ಕೆಲವರು ಅವಳನ್ನು ನೋಡಿಯೂ ನಕ್ಕರು. ನಗಲಿ.

ಮಾರ್ಚ್ ತಿಂಗಳ ಒಂದು ಶನಿವಾರ. ಹುಡುಗಿಯರ ಹಾಸ್ಟೆಲಿನ ಗೇಟಿನಲ್ಲಿ ಕುಬಾನ್ ನಿಂತಿದ್ದ! ಜಿಪಾರ್ ಚಪ್ಪಲಿ ಅದಲುಬದಲು ಹಾಕಿಕೊಂಡು ಇಳಿದು ಬಂದಳು.

"ನಮ್ಮಮ್ಮ ಊರಿಂದ ಬಂದಿದ್ದಾರೆ. ನಿಮ್ಮನ್ನ ನೋಡಬೇಕಂತೆ." ಅವನು ನೆಲ ನೋಡುತ್ತಾ ಹೇಳಿದ.

"ನನ್ನನ್ನಾ?"

"ಪಕ್ಕದ ಮನೆ ಹುಡುಗಿ ಫೋನಲ್ಲಿ ವೀಡಿಯೋ ತೋರಿಸಿದ್ದಾಳೆ. ನಮ್ಮಮ್ಮನಿಗೆ ಏನೂ ಕೇಳಿಸಿಲ್ಲ. ನನ್ನ ಮಗನ ಹಾಗೇ ನಿಂತಿದ್ದಾಳಲ್ಲ, ಏನು ಹೇಳ್ತಿದ್ದಾಳೆ ಅಂತ ಕೇಳಿದ್ರು. ನಾನು... ಅದು ತಾಯಿಯನ್ನ ಹೊಗಳೋ ಪದ್ಯ ಅಂದೆ. ನೀವೂ ಹಾಗೇ ಹೇಳಿ. ಅಷ್ಟು ಮಾಡಿದ್ರೆ ಸಾಕು. ನಾನು ಬೇರೇನೂ ಕೇಳಲ್ಲ."

ಜಿಪಾರ್ ತಲೆಯಾಡಿಸಿದಳು. ಇಷ್ಟಾದರೂ ಮಾಡದಿದ್ದರೆ ಹೇಗೆ?

ಬಜಾರಿನ ಪಕ್ಕದ ಚಹಾದಂಗಡಿ ಜನರಿಂದ ತುಂಬಿತ್ತು. ಕಿಟಕಿಯ ಬಳಿ ಬಿಳಿ ತಲೆವಸ್ತ್ರ ಕಟ್ಟಿದ್ದ ಸಣ್ಣ ದೇಹದ ಹೆಂಗಸು ಕೂತಿದ್ದಳು. ಕುಬಾನನ ತಾಯಿ ಜುಮಾಗುಲ್. ಜಿಪಾರಳನ್ನು ಕಂಡದ್ದೇ ಎದ್ದು ಬಂದು, ಎರಡೂ ಕೆನ್ನೆ ಹಿಡಿದು ಹಣೆಗೆ ಮುತ್ತಿಟ್ಟಳು.

"ಇವಳೇನಾ! ಅಯ್ಯೋ ನನ್ನ ಬಂಗಾರಿ! ನನ್ನ ಮಗನ ಹಾಗೇ ನಿಂತಿದ್ದೆಯಲ್ಲೇ! ಕೂತ್ಕೋ, ಕೂತ್ಕೋ." ಬಟ್ಟೆಯ ಗಂಟು ಬಿಚ್ಚಿ ಮನೆಯಲ್ಲಿ ಹಿಟ್ಟು ನಾದಿ ಕರಿದ ಬೋರ್ಸೋಕ್‌ಗಳನ್ನು ಮೇಜಿನ ತುಂಬ ಸುರಿದಳು. "ಎಲ್ಲಿ, ಆ ಪದ್ಯ ಒಂದ್ಸಲ ಹೇಳು. ಈ ಎಡಗಿವಿಗೆ ಹೇಳು. ಇದರಲ್ಲಿ ಸ್ವಲ್ಪ ಕೇಳಿಸುತ್ತೆ."

ಮಗುವಿನಂತೆ ಕಿವಿ ಮುಂದೆ ಮಾಡಿ ಕಾದಳು.

ಜಿಪಾರ್ ಬಾಯಿ ತೆರೆದಳು. ನಾಲ್ಕು ಸಾಲು ಹೊಸೆಯುವುದು ಅವಳಿಗೆ ಏನೂ ಕಷ್ಟವಿರಲಿಲ್ಲ. ಆದರೆ ಆ ಕಿವಿ, ಆ ನಗು, ಹಣೆಯ ಮೇಲಿನ್ನೂ ಆರದ ಆ ಮುತ್ತು... ಇವರ ಎದುರಿಗೂ ನಾನು ನಾಟಕ ಆಡಲಾ?

"ಅದು ಪದ್ಯ ಅಲ್ಲಮ್ಮಾ," ಎಂದಳು.

"ಆಂ?"

"ಪದ್ಯ ಅಲ್ಲ. ನಾನು ತಮಾಷೆ ಮಾಡಿದೆ."

"ಕೇಳಿಸಲಿಲ್ಲ ಮಗಳೇ. ಜೋರಾಗಿ ಹೇಳು."

"ಬೇಡ..." ಕುಬಾನ್ ಅವಳ ತೋಳು ಮುಟ್ಟಿದ.

ಜಿಪಾರ್ ಎದ್ದು ನಿಂತಳು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು. ಅವಳು ಕಿರುಚಿದಳು.

"ತ... ಮಾ... ಷೆ! ನಿಮ್ಮ ಮಗ ನಿಮ್ಮ ಜೊತೆ ಫೋನಲ್ಲಿ ಮಾತಾಡೋದನ್ನ ಅಣಕಿಸಿದೆ! ನಿಮಗೆ ಕಿವಿ ಕೇಳಲ್ಲ ಅಂತ ಗೊತ್ತಿರಲಿಲ್ಲ! ಎಲ್ಲರೂ ನಕ್ಕರು! ನಾನೂ ನಕ್ಕೆ! ತಪ್ಪಾಯ್ತಮ್ಮಾ! ತ... ಪ್ಪಾ... ಯ್ತು!"

ಬಟ್ಟಲು ತುಟಿಗೆ ಹಿಡಿದವರು ಹಾಗೇ ನೋಡುತ್ತಾ ಉಳಿದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ.

ಜುಮಾಗುಲ್ ಮಗನ ಕಡೆ ತಿರುಗಿದಳು.

"ನಿನ್ನ ನೋಡಿಯೂ ನಕ್ಕರಾ?"

ಕುಬಾನ್ ತಲೆ ತಗ್ಗಿಸಿದ.

"ಅದಕ್ಕೇನಾ ಇಷ್ಟು ದಿನದಿಂದ ನಿನ್ನ ದನಿ ಸಣ್ಣಗಾಗಿದ್ದು?" ಅವಳು ಎಡಗಿವಿ ಮುಟ್ಟಿ ತೋರಿಸಿದಳು. "ನಾನು... ಈ ಕಿವೀನೂ ಹೋಯ್ತು ಅಂತ ಅಂದ್ಕೊಂಡೆ ಕಣೋ. ಮಗನ ಮಾತೇ ಕೇಳಿಸ್ತಿಲ್ಲ ಅಂತ ಎಷ್ಟು ಅತ್ತೆ ಗೊತ್ತಾ? ಅದನ್ನ ತೋರಿಸೋಕೇ ಡಾಕ್ಟರ ಹತ್ರ ಬಂದಿದ್ದು. ಬೆಳಿಗ್ಗೆ ನೋಡಿದ್ರಲ್ಲ, ಕಿವಿ ಮೊದಲಿನ ಹಾಗೇ ಇದೆಯಮ್ಮಾ ಅಂದ್ರು. ನನಗೆ ನಂಬಿಕೆಯೇ ಬರಲಿಲ್ಲ."

ಕುಬಾನ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿತ್ತು.

"ನನ್ನ ನೋಡಿ ಎಷ್ಟಾದ್ರೂ ನಗಲಿ. ಕಿವುಡಿಗೆ ಎಲ್ಲಿ ಕೇಳಿಸುತ್ತೆ?" ಜುಮಾಗುಲ್ ಜಿಪಾರಳನ್ನು ನೋಡಿದಳು. "ಇವನು ಕೇಳಿಸ್ಕೊಂಡನಲ್ಲ ಮಗಳೇ."

ಜಿಪಾರ್ ಬಿಕ್ಕಿ ಬಿಕ್ಕಿ ಅತ್ತಳು. ಹೊರಡಲೆಂದು ತಿರುಗಿದಾಗ ಒರಟು ಕೈಯೊಂದು ಮುಂಗೈ ಹಿಡಿದುಕೊಂಡಿತು.

"ಎಲ್ಲಿಗೆ ಹೊರಟೆ? ಕೂತ್ಕೋ. ನನಗೆ ಕೋಪ ಇದೆ. ಆದ್ರೂ ತಿನ್ನು. ಅಳ್ತಾ ಹೊಟ್ಟೆಗಿಲ್ಲದೆ ಹೋಗಬಾರದು."

ಜಿಪಾರ್ ತಿಂದಳು. ಬೋರ್ಸೋಕ್ ಉಪ್ಪುಪ್ಪಾಗಿತ್ತು. ಕಣ್ಣೀರೋ, ಹಿಟ್ಟಿನ ಉಪ್ಪೋ, ತಿಳಿಯಲಿಲ್ಲ.

ಸಂಜೆಯ ಮಿನಿಬಸ್ಸಿಗೆ ತಾಯಿಯನ್ನು ಹತ್ತಿಸಿದ ಮೇಲೆ ಇಬ್ಬರೂ ಸ್ಟ್ಯಾಂಡಿನಲ್ಲೇ ನಿಂತರು.

"ನಾನು ಸುಳ್ಳು ಹೇಳು ಅಂದಿದ್ದೆ. ನೀನು ಹೇಳಲಿಲ್ಲ," ಎಂದ ಕುಬಾನ್. ಮೊದಲ ಸಲ 'ನೀನು' ಅಂದಿದ್ದ.

"ಕೋಪಾನಾ?"

"ನನ್ನ ಮೇಲೇ. ನೀನು ನಕ್ಕಿದ್ದು ಒಂದು ದಿನ. ನಾನು ವಾರಗಟ್ಟಲೆ ಅಮ್ಮನ ಬಗ್ಗೆ ನಾಚಿಕೆಪಟ್ಟೆ. ಅದನ್ನ ಯಾರ ಹತ್ರ ಹೇಳ್ಕೊಳ್ಳಲಿ?"

"ನನ್ನ ಹತ್ರ ಹೇಳಿದೆಯಲ್ಲ," ಎಂದಳು ಅವಳು ಮೆಲ್ಲಗೆ.

ಫೈನಲ್‌ನಲ್ಲಿ 'ಬಿಸಿ ಸಮ್ಸಾ' ಐದನೆಯ ಸ್ಥಾನಕ್ಕೆ ಇಳಿಯಿತು. ಅಲ್ಲಿ ಮೀರಿಮ್ ಆ ಪ್ರಸಂಗವನ್ನು ಯಾರಿಂದಲೂ ಮಾಡಿಸಿರಲಿಲ್ಲ. ವಾಪಸು ಬಂದವಳು ಜಿಪಾರಳ ಮಂಚದ ಮೇಲೆ ದೊಪ್ಪನೆ ಕೂತು, "ನೀನಿಲ್ಲದೆ ನಾವು ಯಾರಿಗೂ ನಗು ಬರಿಸಲಿಲ್ಲ ಕಣೇ ಕತ್ತೆ," ಎಂದಳು. ಇಬ್ಬರೂ ಅತ್ತರು, ಆಮೇಲೆ ನಕ್ಕರು. ಅಂದು ರಾತ್ರಿ ಜಿಪಾರ್ ರಷ್ಯಾಕ್ಕೆ ತಾನೇ ಫೋನು ಮಾಡಿದಳು. ನಲವತ್ತು ನಿಮಿಷ ಮಾತಾಡಿದಳು.

ಕುಬಾನ್ ಒಮ್ಮೆಲೇ ಹತ್ತಿರವಾಗಲಿಲ್ಲ. ಮೊದಲು ಕ್ಯಾಂಟೀನಿನಲ್ಲಿ ಒಂದು ಮೇಜು ಬಿಟ್ಟು ಕೂತ. ಆಮೇಲೆ ಎದುರಿಗೆ. ಮೇ ತಿಂಗಳಲ್ಲಿ, ಏಪ್ರಿಕಾಟ್ ಕಾಯಿಗಳು ಹಸಿರಾಗಿದ್ದಾಗ, ಬೀದಿ ಬದಿಯ ಹೆಂಗಸಿನಿಂದ ಎರಡು ಲೋಟ ತಣ್ಣನೆಯ ಮಕ್ಸಿಮ್ ಕೊಂಡು ಒಂದನ್ನು ಬೆಂಚಿನಲ್ಲಿ ಕೂತಿದ್ದ ಅವಳಿಗೆ ಕೊಟ್ಟು, ತಾನು ಇನ್ನೊಂದು ತುದಿಗೆ ಕೂತ. ಆ ಹುಳಿ ಪಾನೀಯದ ನೊರೆ ಅವನ ಮೂಗಿಗೆ ಅಂಟಿತ್ತು. ಅವಳು ನಗಲು ಹೋಗಿ ಗಪ್ಪನೆ ಬಾಯಿ ಮುಚ್ಚಿಕೊಂಡಳು.

"ನಗು," ಎಂದ ಅವನು.

"ಬೇಡಪ್ಪಾ."

"ನಗು ಜಿಪಾರ್. ನೀನು ನಗದೇ ಇದ್ರೆ ನನಗೆ ಒಂಥರಾ ಆಗುತ್ತೆ."

"ಒಂಥರಾ ಅಂದ್ರೆ?"

ಅವನ ಕಿವಿಗಳು ಕೆಂಪಾದವು. "ಅಂದ್ರೆ... ನಿನ್ನನ್ನ ಇಷ್ಟಪಡ್ತೀನಿ ಅಂತ. ಇನ್ನು ಹೇಗೆ ಹೇಳೋದು?"

ಅವಳ ಲೋಟ ತುಳುಕಿತು.

"ನನ್ನಂಥವಳನ್ನಾ? ಆ ದಿನಗಳನ್ನ ನೆನಸ್ಕೊಂಡ್ರೆ ಇವತ್ತಿಗೂ ಮುಖ ಎತ್ತೋಕಾಗಲ್ಲ ನನಗೆ."

"ಗೊತ್ತು. ನೋಡ್ತಾ ಇದೀನಲ್ಲ."

"ಮತ್ತೆ ಏನಾದ್ರೂ ತಪ್ಪು ಮಾಡಿಬಿಟ್ರೆ?"

"ಮುಖದ ಮೇಲೇ ಬೈತೀನಿ."

"ಆಮೇಲೆ?"

"ಆಮೇಲೆ ಏನು..." ಕುಬಾನ್ ತೋಳಿನಿಂದ ಮೂಗು ಒರೆಸಿಕೊಂಡು, ಬೆಂಚಿನ ಮೇಲೆ ಅವಳ ಪಕ್ಕಕ್ಕೆ ಸರಿದ. "ಇಲ್ಲೇ ಕೂತಿರ್ತೀನಿ."