ಶಿವಮೂರ್ತಪ್ಪ ಮೇಷ್ಟ್ರ ಎದೆಯ ಫೋಟೋ

ಹನ್ನೊಂದು ವರ್ಷದಿಂದ ಶಿವಮೂರ್ತಪ್ಪ ಮೇಷ್ಟ್ರು ಜಗಳೂರಿನಾಚೆಯ ಒಂದು ಹಟ್ಟಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಹೆಂಡತಿ ಶಾಂತಾದೇವಿ ಹೊನ್ನಾಳಿಯಲ್ಲಿದ್ದಳು. ಆಗ ಅದು ಒಂದು ಜಿಲ್ಲೆ, ಇದು ಇನ್ನೊಂದು. ವರ್ಗಕ್ಕೆ ಏಳು ಅರ್ಜಿ ಹಾಕಿದ್ದರು. ಏಳೂ ಯಾವ ಕಪಾಟಿನಲ್ಲಿ ನಿದ್ದೆ ಹೊಡೆಯುತ್ತಿದ್ದವೋ. ಎಪ್ಪತ್ತೊಂಬತ್ತರ ಯುಗಾದಿಗೆ ಊರಿಗೆ ಹೋದಾಗ ಶಾಂತಾದೇವಿ ಬಡಿಸುತ್ತ ಅಂದಳು: "ನೀವು ನೆಂಟರಂಗೆ ಬಂದು ಹೋಗ್ತೀರಿ. ನನಗೂ ನೀವು ನೆಂಟರೇ ಅನ್ನಿಸಾಕೆ ಹತ್ತೈತೆ." ಮೇಷ್ಟ್ರು ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದರು. ಅವರಿಗೆ ಸಾಕಾಗಿಹೋಗಿತ್ತು.

ಒಂದೇ ಒಂದು ದಾರಿ ಉಳಿದಿತ್ತು. ಹೃದಯದ ಕಾಯಿಲೆಯೆಂದು ಜಿಲ್ಲೆಯ ದೊಡ್ಡ ಡಾಕ್ಟರು ಬರೆದುಕೊಟ್ಟರೆ, ನೋಡಿಕೊಳ್ಳುವವರು ಇರುವ ಊರಿಗೆ ವರ್ಗ ಖಂಡಿತ. ಆದರೆ ಮೇಷ್ಟ್ರ ಹೃದಯ ಗಟ್ಟಿಮುಟ್ಟಾಗಿತ್ತು. ಹಾಗಾಗಿ ಬೇರೆಯವರದು ಬೇಕಾಯಿತು.

ಹಟ್ಟಿಯ ಉಚ್ಚಂಗೆಪ್ಪ ಎದೆಯ ಕಾಯಿಲೆಯಿಂದ ತೀರಿಕೊಂಡು ಆರು ತಿಂಗಳಾಗಿತ್ತು. ಅವನ ಎಕ್ಸ್‌ರೇ ಇನ್ನೂ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಮಕ್ಕಳಿಗೆ ತೋರಿಸಬೇಕು ಎಂದು ಮೇಷ್ಟ್ರು ಕೇಳಿದರು. ಅವನ ಹೆಂಡತಿ ದುರುಗಕ್ಕ ಸೆರಗಿನಿಂದ ಧೂಳು ಒರೆಸಿ ಕೊಟ್ಟಳು. "ತಗೊಂಡೋಗ್ರಿ ಮೇಷ್ಟ್ರೇ. ಅವನ ಎದೆಯಾಗೆ ಏನಿತ್ತು ಅಂತ ನನಗಂತೂ ತಿಳೀಲಿಲ್ಲ. ಹುಡುಗರಿಗಾದ್ರೂ ತಿಳೀಲಿ." ಮೇಷ್ಟ್ರಿಗೆ ನಾಚಿಕೆಯಾಯಿತು. ಆದರೂ ಇಸಕೊಂಡರು.

ಕೋಣೆಯ ಬಾಗಿಲು ಹಾಕಿ ಫಿಲಂ ಅನ್ನು ಕಿಟಕಿಗೆ ಹಿಡಿದರು. ಇಪ್ಪತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಚಿತ್ರವೇ ಅದು: ಹನ್ನೆರಡು ಜೊತೆ ಪಕ್ಕೆಲುಬು, ಮೇಲೆ ಕೊರಳೆಲುಬು, ಕೆಳಗೆ ಗುಮ್ಮಟದಂಥ ವಪೆ. ಅಡಿಪಟ್ಟಿ ಇಟ್ಟು ಅಳೆದರು. ಹೃದಯದ ಅಗಲ ಎದೆಗೂಡಿನ ಅರ್ಧಕ್ಕಿಂತ ಕಡಿಮೆ ಇರಬೇಕು. ಉಚ್ಚಂಗೆಪ್ಪನದು ಅರ್ಧ ದಾಟಿ ಎಡಕ್ಕೆ ಚಾಚಿಕೊಂಡಿತ್ತು. ಪಾಪ, ಇಷ್ಟು ದೊಡ್ಡ ಗುಂಡಿಗೆ ಹೊತ್ತುಕೊಂಡು ಅವನು ಕೂಲಿ ಮಾಡಿದ್ದ. ಆಳು ಮೇಷ್ಟ್ರಷ್ಟೇ ಎತ್ತರ, ಅಷ್ಟೇ ಮೈಕಟ್ಟು.

ಮೂಲೆಯ ಹೆಸರಿನ ಚೀಟಿಯನ್ನು ನೀರು ಹಚ್ಚಿ ಬಿಡಿಸಿ, ತಮ್ಮ ಹೆಸರಿನದನ್ನು ಅಂಟಿಸಿದರು. ಫಿಲಂ ತಂದವರಿಗೆ ಮತ್ತೆ ಫೋಟೋ ತೆಗೆಯುವುದಿಲ್ಲವೆಂದು ವಿಚಾರಿಸಿಕೊಂಡರು. ಮೆಟ್ಟಿಲ ಮೇಲೆ ಏದುಸಿರು, ಮಲಗಲು ಎರಡು ದಿಂಬು, ಸಂಜೆಗೆ ಪಾದದ ಬಾವು ಎಂದು ಹೇಳಬೇಕಾದ್ದೆಲ್ಲ ಬಾಯಿಪಾಠ ಮಾಡಿದರು. ಹೃದಯ ದೊಡ್ಡದಾದರೆ ಅದರ ತುದಿಯ ಬಡಿತ ಕಂಕುಳ ಕಡೆಗೆ ಸರಿಯುತ್ತದೆ, ಡಾಕ್ಟರು ಬೆರಳಿಟ್ಟು ಹುಡುಕುತ್ತಾರೆ ಎಂಬುದೂ ಅವರಿಗೆ ಗೊತ್ತಿತ್ತು. ಎಡಮಗ್ಗುಲಿಗೆ ವಾಲಿ ಮಲಗಿದರೆ ಆರೋಗ್ಯವಂತನ ಬಡಿತವೂ ಒಂದಿಷ್ಟು ಆ ಕಡೆ ಜಾರುತ್ತದೆ. ಅದನ್ನೂ ಚಾಪೆಯ ಮೇಲೆ ಅಭ್ಯಾಸ ಮಾಡಿದರು. ಮಕ್ಕಳು ಇಷ್ಟು ಓದಿದ್ದರೆ ಹಟ್ಟಿಯಿಂದ ಯಾರಾದರೂ ಡಾಕ್ಟರಾಗಿರುತ್ತಿದ್ದರು.

ಜಿಲ್ಲಾಸ್ಪತ್ರೆಯಲ್ಲಿ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಡಾಕ್ಟರು ಫಿಲಂ ಅನ್ನು ದೀಪದ ಮುಂದೆ ಸಿಕ್ಕಿಸಿ, "ಗುಂಡಿಗೆ ದೊಡ್ಡದಾಗೈತಲ್ರೀ" ಎಂದು ಮರುಗಿದರು. ಮೇಷ್ಟ್ರು ಏದುಸಿರು ಬಿಟ್ಟರು. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು. ಮೇಷ್ಟ್ರ ಮನಸ್ಸು ಆಗಲೇ ಹೊನ್ನಾಳಿಯ ಬಸ್ಸಿನಲ್ಲಿ ಕೂತಿತ್ತು.

"ಒಂದ್ಸಲ ಎದೆ ನೋಡಿಬಿಡ್ತೀನಿ, ಅಂಗಿ ಬಿಚ್ಚಿ ಮಲಗ್ರಿ" ಎಂದರು ಡಾಕ್ಟರು. ಮೇಷ್ಟ್ರು ಎಡಕ್ಕೆ ವಾಲಿ ಮಲಗಿದರು. ಕೊರಳಿನಿಂದ ಎದೆಗೆ ಇಳಿದಿದ್ದ ಲಿಂಗದ ಬೆಳ್ಳಿ ಕರಡಿಗೆ ಸ್ಟೆತಾಸ್ಕೋಪಿಗೆ ಅಡ್ಡ ಬಂತು. "ಇದನ್ನ ಸ್ವಲ್ಪ ತೆಗೆದಿಡ್ತೀರಾ?" ಮೇಷ್ಟ್ರು ನಿಜವಾಗಿಯೂ ನೊಂದುಕೊಂಡರು. "ಅದೊಂದು ಮಾತ್ರ ಆಗಲ್ಲ ಸಾರ್. ಲಿಂಗಧಾರಣೆ ಆದಾಗಿಂದ, ಪೂಜೆಗೆ ಅಂಗೈಗೆ ತಗೊಳ್ಳೋದು ಬಿಟ್ರೆ, ಎದೆ ಬಿಟ್ಟು ಸರಿಸಿಲ್ಲ." "ಈ ಫೋಟೋ ತೆಗೆಸೋವಾಗ?" "ಆಗಲೂ ಎದೆ ಮೇಲೇ ಇತ್ತು ಸಾರ್" ಎಂದರು ಮೇಷ್ಟ್ರು, ಹೆಮ್ಮೆಯಿಂದ. ಡಾಕ್ಟರು ದೀಪದ ಕಡೆ ತಿರುಗಿದರು. ಮೇಷ್ಟ್ರೂ ತಲೆ ಎತ್ತಿ ನೋಡಿದರು. ತೆಳು ಎಲುಬು ಕೂಡ ಬೆಳ್ಳಗೆ ಬಿದ್ದಿದ್ದ ಆ ಎದೆಯ ನಡುವೆ ನಿಂಬೆಹಣ್ಣಿನಷ್ಟು ದಪ್ಪದ ಬೆಳ್ಳಿಯ ಗುರುತೇ ಇರಲಿಲ್ಲ.