ಪರದೆಯ ಹೊರಗೆ ನಿಂತ ಕಾಕಾ

ಕಲ್ಯಾಣಪ್ಪನವರನ್ನು ನಾನು ಮೊದಲು ಕಂಡದ್ದು ದಾಳಿಂಬದ ಶಾಲೆಯಲ್ಲಿ, ಮೊದಲ ಚುನಾವಣೆಯ ಬೆಳಿಗ್ಗೆ. ಖಾಲಿ ಮತಪೆಟ್ಟಿಗೆಯನ್ನು ಬೋರಲು ಹಿಡಿದು, "ಒಳಗ ಏನೂ ಇಲ್ಲ, ನೋಡ್ಕೊಳ್ರಿ" ಎಂದು ಎಲ್ಲರಿಗೂ ತೋರಿಸುತ್ತಿದ್ದರು. ನನ್ನ ಕಡೆ ತಿರುಗಿದರು. ಪೆಟ್ಟಿಗೆ ಬೋರಲಾಗಿಯೇ ಉಳಿಯಿತು.

ಹಾಗೆ ನೋಡಲು ಕಾರಣವಿತ್ತು. ಕೆಲವೇ ದಿನಗಳ ಹಿಂದೆ ಅವರ ತಾಯಿ ನಿಲಂಗಾದಿಂದ ಬಂದು ನನ್ನನ್ನು ಶಾಲಾ ಮಾಸ್ತರನಾದ ಮಗನಿಗೆ ಕೇಳಿ ಹೋಗಿದ್ದರು. ತಂದೆಯಿಲ್ಲದ ನನಗೆ ದಾಳಿಂಬದಲ್ಲಿದ್ದ ಚಿಕ್ಕಪ್ಪ, ಕಾಕಾ ಮನ್ಮಥಪ್ಪ ಪಾಟೀಲರೇ ಹಿರಿಯರು. "ಇಲೆಕ್ಷನ್ ಮುಗೀಲಿ, ಹೇಳ್ತೀನಿ" ಎಂದಿದ್ದರು. ಉಮರ್ಗಾದ ಕನ್ಯಾಶಾಲೆಯಲ್ಲಿ 'ಬಾಯಾರು' ಎನಿಸಿಕೊಂಡು ಕಲಿಸುತ್ತಿದ್ದ ನನಗೆ ಹೆಂಗಸರ ಬೂತಿನ ಕೆಲಸ ಬಿತ್ತು. ಆ ಬೂತಿನ ಅಧಿಕಾರಿ ಕಲ್ಯಾಣಪ್ಪನವರೇ ಎಂದು ಯಾರು ಕಂಡಿದ್ದರು!

"ಶಾಯಿ ಬಾಟ್ಲಿ ಎಲ್ಲದ ಅಂತ ನೋಡ್ಲಿಕತ್ತಿದ್ದೆ, ಬಾಯಾರ" ಎಂದರು.

"ಬಾಟ್ಲಿ ಮೇಜಿನ ಮ್ಯಾಲ ಅದರೀ. ನೀವು ನೋಡೋದು ಬ್ಯಾರೆ ಕಡಿ."

ಅವರ ಕಿವಿ ಕೆಂಪಾಯಿತು.

ಪರದೆಯ ಹಿಂದೆ ಉಮೇದುವಾರರ ಪೆಟ್ಟಿಗೆಗಳಿದ್ದವು, ಒಂದೊಂದಕ್ಕೂ ಒಂದೊಂದು ಚಿತ್ರ. ನಾನು ಬೆರಳಿಗೆ ಶಾಯಿ ಹಚ್ಚುವುದು. ಹೆಂಗಸು ಒಬ್ಬಳೇ ಒಳಗೆ ಹೋಗಿ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕುವುದು. ಕುರಿಗಾರರ ಮಲಕಮ್ಮ ಹೋದವಳು ಬಹಳ ಹೊತ್ತಾದರೂ ಬರಲಿಲ್ಲ. ಬಂದಾಗ ಅಂಗೈ ತುಂಬ ಭಂಡಾರದ ಅರಿಶಿನ.

"ಆಯಿ, ಚೀಟಿ ಹಾಕಿದ್ರಾ?"

"ಪೆಟ್ಟಿಗಿ ಮ್ಯಾಲಿಟ್ಟು, ಭಂಡಾರ ಹಚ್ಚಿ, ಬೀರಪ್ಪಗ ಕೈಮುಗುದು ಬಂದೀನಿ, ಯವ್ವಾ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಕಲ್ಯಾಣಪ್ಪನವರು ನಗಲಿಲ್ಲ. "ಆಯಿ, ದೇವರಿಗಿ ಮುಟ್ಟಿತು. ಈಗ ಒಳಗ ಹೋಗಿ, ಅದೇ ಚೀಟಿ ಸೀಳಿನ್ಯಾಗ ಬಿಟ್ಟು ಬರ್ರಿ" ಎಂದು ಅವಳನ್ನೇ ಮತ್ತೆ ಕಳಿಸಿದರು.

ಬಾಗಿಲಲ್ಲಿದ್ದ ಕಾಕಾನಿಗೆ ಇಷ್ಟೇ ಸಾಕಾಯಿತು. "ನಮ್ಮ ಹೆಂಗಸರಿಗಿ ಏನು ತಿಳೀತದ? ನಾ ಒಬ್ಬೊಬ್ಬರನ್ನ ಕರ್ಕೊಂಡು ಹೋಗಿ ಹಾಕಿಸ್ತೀನಿ" ಎಂದು ತಮ್ಮ ಹೆಂಡತಿ, ನನ್ನ ಕಾಕು ರಂಭಾಬಾಯಿಯ ಕೈಹಿಡಿದು ಒಳಗೆ ಬಂದರು.

ಕಲ್ಯಾಣಪ್ಪನವರು ಪರದೆಗೆ ಅಡ್ಡ ನಿಂತರು. "ಪಾಟೀಲರ, ಆಕಿ ಒಬ್ಬಾಕಿನೇ ಹೋಗ್ಬೇಕ್ರಿ."

"ಏ ಮಾಸ್ತರ, ನಾಳಿ ಹೆಣ್ಣು ಕೇಳ್ಲಿಕ್ಕ ಯಾರ ಮನಿಗಿ ಬರಾಂವ ನೀ?"

ಕಲ್ಯಾಣಪ್ಪನವರು ಸ್ವಲ್ಪ ಸರಿದು ನಿಂತರೆ ಅವರಿಗೆ ನಾನು ಸಿಗುತ್ತೇನೆ, ಸರಿಯದಿದ್ದರೆ ಇಲ್ಲ. ಸರಿಯಲಿ ಎಂದೂ ಬೇಡಿದೆ, ಸರಿಯಬಾರದು ಎಂದೂ ಬೇಡಿದೆ. ಶಿವ ಯಾವುದನ್ನು ಕೇಳಬೇಕು?

"ನಿಮ್ಮ ಮನಿಗೇ ಬರ್ತೀನ್ರಿ. ಇವತ್ತು ಮಾತ್ರ ನೀವು ಹೊರಗ ನಿಂದ್ರಬೇಕು."

ಕಾಕಾ ಹೆಗಲ ಮೇಲಿನ ಶಲ್ಯ ಒದರಿ ಹೊರಗೆ ಹೋದರು. ಕಾಕು ಒಳಗೆ ಹೋದಳು. ನನ್ನ ಮದುವೆ ಅಲ್ಲಿಗೆ ಮುರಿಯಿತು ಎಂದುಕೊಂಡೆ.

ಸಂಜೆ ಕಲ್ಯಾಣಪ್ಪನವರು ಪೆಟ್ಟಿಗೆಗಳಿಗೆ ಅರಗಿನ ಮುದ್ರೆ ಒತ್ತುತ್ತಿದ್ದಾಗ ನಾನು ದೀಪ ಹಿಡಿದಿದ್ದೆ. ತಲೆಯೆತ್ತದೆ ಕೇಳಿದರು:

"ನಿಮ್ಮ ಕಾಕಾಗ ಸಿಟ್ಟು ಬಂದದಲ್ಲ?"

"ಬಂದದ. ನೀವು ಅವರಿಗಿ ಒಳಗ ಬಿಟ್ಟಿದ್ರ ನನಗ ಬರ್ತಿತ್ತು."

ಈಗ ತಲೆಯೆತ್ತಿದರು. ಅರಗು ಬೆರಳಿಗೆ ಬಿದ್ದದ್ದೂ ಅವರಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಕಾಕಾ, ಕಾಕು ಬಂದರು. "ಮಾಸ್ತರ, ಈಕಿ ಯಾವ ಪೆಟ್ಟಿಗಿಗಿ ಹಾಕ್ಯಾಳ? ನಿನಗ ಗೊತ್ತಿರ್ತದ, ಹೇಳು."

"ಗೊತ್ತಿಲ್ರಿ. ಗೊತ್ತಿದ್ರೂ ಹೇಳ್ತಿದ್ದಿಲ್ಲ."

ಕಾಕು ಸೆರಗು ಬಾಯಿಗಿಟ್ಟು ನಕ್ಕಳು. "ಊಟಕ್ಕ ಕೂತಾಗೂ ಇದೇ ಕೇಳ್ಯಾರ. ನಾನೇ ಹೇಳಿಲ್ಲ, ಅಂವಾ ಏನು ಹೇಳ್ತಾನ?"

"ಯಾಕ ಹೇಳಂಗಿಲ್ಲ ನೀ?"

"ಇಷ್ಟು ವರ್ಷದಾಗ ನಂದೇ ಅಂತ ಒಂದು ಸಿಕ್ಕದ. ಇರ್ಲಿ ಬಿಡ್ರಿ."

ಕಾಕಾ ಅವಳ ಮುಖವನ್ನೇ ನೋಡಿದರು, ಹೊಸದಾಗಿ ನೋಡಿದವರ ಹಾಗೆ. ಆಮೇಲೆ ಕಲ್ಯಾಣಪ್ಪನವರ ಕಡೆ ತಿರುಗಿದರು.

"ಹುಡುಗಿ ಕೊಡಂಗಿಲ್ಲ ಅಂದ್ರ ಏನು ಮಾಡ್ತಿದ್ದಿ?"

"ಮತ್ತ ಬಂದು ಕೇಳ್ತಿದ್ದೆ."

"ಆಗೂ ಇಲ್ಲ ಅಂದ್ರ?"

"ಮುಂದಿನ ಇಲೆಕ್ಷನ್‌ಗೂ ಇದೇ ಊರಿಗಿ ಹಾಕ್ರಿ ಅಂತ ಅರ್ಜಿ ಕೊಡ್ತಿದ್ದೆ."

ಕಾಕಾ ನಕ್ಕುಬಿಟ್ಟರು. "ತಂದಿ ಇಲ್ಲದ ಕೂಸು ಇದು. ನನ್ನಂಥವನಿಗೂ ಹೆದರಲಿಲ್ಲ ನೀ. ಈಕಿನ್ನ ಯಾರ ಮುಂದೂ ಕೈ ಬಿಡಂಗಿಲ್ಲ" ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು. "ನಿನ್ನ ಮನಸ್ಸಿನಾಗ ಏನದ, ಶಿವಕಾಂತಾ?"

ಅಲ್ಲಿಯವರೆಗೆ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ.

"ನನಗ ಇವರೇ ಬೇಕು, ಕಾಕಾ."

ಮದುವೆಯಾಗಿ ಎಷ್ಟೋ ವರ್ಷ ಒಟ್ಟಿಗೆ ಬಾಳಿ, ಹೋದ ಶ್ರಾವಣದಲ್ಲಿ ಕಲ್ಯಾಣಪ್ಪನವರು ಲಿಂಗೈಕ್ಯರಾದರು. ಪೂಜೆಗೆ ಕೂತಾಗ ಕಣ್ಣು ತುಂಬುತ್ತದೆ. ಆದರೂ ಶಿವನಲ್ಲಿ ನನ್ನ ದೂರೇನಿಲ್ಲ, ಕೊಟ್ಟದ್ದು ಬಹಳ.

ಆ ಸಂಜೆ ಉಮರ್ಗಾಕ್ಕೆ ಎರಡು ಬಂಡಿ ಹೊರಟವು. ಮುಂದಿನದರಲ್ಲಿ ಪೆಟ್ಟಿಗೆಗಳು, ಪೊಲೀಸ್, ಅವರು. ಹಿಂದಿನದರಲ್ಲಿ ನನ್ನನ್ನು ಬಿಡಲು ಬಂದ ಕಾಕು, ನಾನು. ಪೆಟ್ಟಿಗೆಗಳನ್ನು ಒಪ್ಪಿಸುವವರೆಗೆ ಅವರು ಬಂಡಿ ಇಳಿಯುವಂತಿರಲಿಲ್ಲ. ಒಂದು ಕೈ ಪೆಟ್ಟಿಗೆಯ ಮೇಲಿಟ್ಟು, ಜೋಳದ ಹೊಲಗಳ ನಡುವೆ, ದಾರಿಯುದ್ದಕ್ಕೂ ಹಿಂದಕ್ಕೇ ಮುಖ ಮಾಡಿ ಕೂತಿದ್ದರು.